ವಿಶ್ವನಾಥ್ ಸಹಿ ಇರುವ ಬ್ಯಾಟಿಗೆ 45 ಸಾವಿರ ಕೊಡಬಹುದಾ?

ತೋಟದಮನೆ (ತೀರ್ಥಹಳ್ಳಿ ಕಡೆ)

ಎಲ್ಲರಿಗೂ ನಮಸ್ಕಾರ. ಇದು ಕ್ರಿಕೆಟ್ ಪ್ರಶ್ನೆಯೋ ದುಡ್ಡಿನ ಪ್ರಶ್ನೆಯೋ ನನಗೇ ಗೊತ್ತಾಗುತ್ತಿಲ್ಲ. ತಿಳಿದವರು ಹೇಳಿ.

ಶಿವಮೊಗ್ಗದಲ್ಲಿ ಹಳೆ ಸಾಮಾನು ಮಾರುವ ಒಬ್ಬರ ಹತ್ತಿರ ಒಂದು ಬ್ಯಾಟ್ ಇದೆ. ಅದರ ಮೇಲೆ ಭಾರತ ತಂಡದ ಹಳೆ ಬ್ಯಾಟ್ಸ್‌ಮನ್, ನಮ್ಮ ಭದ್ರಾವತಿಯ ಜಿ.ಆರ್. ವಿಶ್ವನಾಥ್ (ವಿಶಿ) ಅವರ ಸಹಿ ಇದೆ. 45 ಸಾವಿರ ಹೇಳುತ್ತಿದ್ದಾರೆ. ಹೆಚ್ಚುಕಮ್ಮಿ ಒಂದು ಕ್ವಿಂಟಾಲ್ ರಾಶಿ ಅಡಿಕೆಯ ದುಡ್ಡು ಆಯಿತು. ಮನೆಯಲ್ಲಿ ಹೇಳಿದೆ. "ಒಂದು ಕ್ವಿಂಟಾಲ್ ಅಡಿಕೆ ಕೊಟ್ಟು ಒಂದು ತುಂಡು ಕಟ್ಟಿಗೆ ತರ್ತೀರಾ?" ಅಂತ ಕೇಳಿದಳು. ಉತ್ತರ ಹೊಳೆಯಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಸಂಗ್ರಹಕಾರ ಅಲ್ಲ. ವಿಶಿ ಅಂದರೆ ಜೀವ, ಅಷ್ಟೇ. 1975ರಲ್ಲಿ ಮದ್ರಾಸಿನಲ್ಲಿ ವೆಸ್ಟ್ ಇಂಡೀಸ್ ಮೇಲೆ ಔಟಾಗದೆ 97 ಹೊಡೆದರಲ್ಲ, ಆಗ ನಾನು ಪ್ರೈಮರಿ ಶಾಲೆ ಹುಡುಗ. ಒಂದು ಕಡೆ ಆಂಡಿ ರಾಬರ್ಟ್ಸ್ ಏಳು ವಿಕೆಟ್ ತೆಗೆದ, ಇನ್ನೊಂದು ಕಡೆ ನಮ್ಮ ಭದ್ರಾವತಿಯವರು ನಿಂತೇ ಇದ್ದರು. ನಮ್ಮಪ್ಪ ಅಡಿಕೆ ಸುಲಿಯುವ ಚಪ್ಪರದಲ್ಲಿ ರೇಡಿಯೋ ಇಟ್ಟುಕೊಂಡು, ಸುಲಿಯುವವರು ಮಾತಾಡಿದರೆ ಗದರುತ್ತಿದ್ದರು. ಸೆಂಚುರಿಗೆ ಮೂರು ರನ್ ಬೇಕಿದ್ದಾಗ ಕೊನೆಯವನು ಔಟಾಗಿದ್ದಕ್ಕೆ ಅಪ್ಪ ಅವತ್ತು ಯಾರ ಹತ್ತಿರವೂ ಮಾತಾಡಲಿಲ್ಲ.

ಬ್ಯಾಟಿನ ವಿವರ ಹೇಳುತ್ತೇನೆ. ಎಣ್ಣೆ ಕುಡಿದು ಕಂದು ಬಣ್ಣಕ್ಕೆ ತಿರುಗಿದೆ. ಅಂಚು ತೆಳ್ಳಗೆ, ಈಗಿನ ಬ್ಯಾಟುಗಳ ಥರ ದಪ್ಪ ಇಲ್ಲ. ಹಿಡಿಕೆಯ ರಬ್ಬರ್ ಹರಿದು ಒಳಗಿನ ದಾರ ಕಾಣುತ್ತದೆ. ಮುಖದ ಮೇಲೆ ಉದ್ದಕ್ಕೆ ಎರಡು ಬಿರುಕು. ಸಹಿ ನೀಲಿ ಬಾಲ್‌ಪೆನ್ನಿನದು, ಒಂದು ಬಿರುಕನ್ನು ದಾಟಿಕೊಂಡು ಹೋಗಿದೆ. ಜೊತೆಗೆ ಒಂದು ಪತ್ರ ಇದೆ. ಒಂದು ಕ್ರಿಕೆಟ್ ಕ್ಲಬ್ಬಿನ ಲೆಟರ್‌ಹೆಡ್, ಟೈಪ್ ಮಾಡಿದ್ದು. ಕ್ಲಬ್ಬಿನ ಹೆಸರಿನ ಕೆಳಗೆ "ಭದ್ರಾವತಿ 577301, ಕರ್ನಾಟಕ" ಅಂತ ಅಚ್ಚಾಗಿದೆ. ತಾರೀಖು 14 ಡಿಸೆಂಬರ್ 1969. ಕಾನ್ಪುರದಲ್ಲಿ ಮೊದಲ ಟೆಸ್ಟಿನಲ್ಲೇ ಸೆಂಚುರಿ ಹೊಡೆದ ನಮ್ಮೂರ ಹುಡುಗ ಈ ದಿನ ಕ್ಲಬ್ಬಿಗೆ ಬಂದು ಸಹಿ ಮಾಡಿ ಕೊಟ್ಟ ಬ್ಯಾಟ್ ಇದು ಅಂತ ಒಕ್ಕಣೆ.

ಮಾರುವವರು ಹೇಳುವುದು, "ಇದು ಇನ್ನು ಹತ್ತು ವರ್ಷಕ್ಕೆ ನಾಲ್ಕು ಲಕ್ಷ ಆಗುತ್ತೆ ಸಾರ್, ಧೋನಿ ಬ್ಯಾಟ್ ಎಷ್ಟಕ್ಕೆ ಹೋಯ್ತು ನೋಡಿ." ಹೌದಾ? ಇಂಥವಕ್ಕೆ ನಿಜವಾಗಿ ಅಷ್ಟು ಬೆಲೆ ಇದೆಯಾ, ಇಲ್ಲಾ ಕೊಳ್ಳುವವರ ತಲೆ ಕೆಟ್ಟಿದೆಯಾ?

ಹಳೇನಗರ ಎಕ್ಸ್‌ಪ್ರೆಸ್ (ಭದ್ರಾವತಿ)

ಬೆಲೆ ವಿಷಯ ಬೇರೆಯವರು ಹೇಳಲಿ ಮಾರಾಯ್ರೆ, ನಾನು ಕ್ರಿಕೆಟ್ ಮಾತ್ರ ಹೇಳುತ್ತೇನೆ. 1969ರ ಆಸ್ಟ್ರೇಲಿಯಾ ಜೊತೆಗಿನ ಆ ಸರಣಿ ಕಾನ್ಪುರಕ್ಕೇ ಮುಗಿಯಲಿಲ್ಲ. ಕಾನ್ಪುರ ನವೆಂಬರ್‌ನಲ್ಲಿ. ಅದಾದ ಮೇಲೆ ದೆಹಲಿ, ಆಮೇಲೆ ಕಲ್ಕತ್ತಾ, ಕೊನೆಗೆ ಮದ್ರಾಸ್. ಕಲ್ಕತ್ತಾ ಟೆಸ್ಟ್ ಶುರುವಾಗಿದ್ದು ಡಿಸೆಂಬರ್ 12ಕ್ಕೆ. ವಿಶ್ವನಾಥ್ ಅದರಲ್ಲಿ ಆಡಿದ್ದಾರೆ. 14ನೇ ತಾರೀಖು ಈಡನ್ ಗಾರ್ಡನ್ಸ್‌ನಲ್ಲಿ ಇರಬೇಕಾದವರು ನಮ್ಮ ಭದ್ರಾವತಿಯ ಕ್ಲಬ್ಬಿನಲ್ಲಿ ಸಹಿ ಹಾಕುತ್ತಾ ಕೂತಿದ್ದರಾ? ವಿಮಾನದಲ್ಲಿ ಬಂದು ಹೋದರೂ ಆಗದ ಕೆಲಸ.

ಇನ್ನೊಂದು ಮಾತು. ಕಾನ್ಪುರದಲ್ಲಿ ಅವರದು ಮೊದಲ ಇನಿಂಗ್ಸಿನಲ್ಲಿ ಸೊನ್ನೆ, ಎರಡನೆಯದರಲ್ಲಿ 137. ಊರಿನವರು ಪತ್ರ ಬರೆದಿದ್ದರೆ ಆ 137 ಬರೆಯದೆ ಸುಮ್ನೆ "ಸೆಂಚುರಿ" ಅಂತ ಬಿಡುತ್ತಿದ್ದರಾ? ನಮ್ಮೂರಲ್ಲಿ ಚಹಾ ಅಂಗಡಿಯವನೂ ಆ ನಂಬರ್ ಹೇಳುತ್ತಾನೆ.

ಹಳೇ ಗಡಿಯಾರ (ಶಿವಮೊಗ್ಗ)

ತೋಟದಮನೆಯವರೇ, ನಾನು ಗಾಂಧಿ ಬಜಾರ್ ಹತ್ತಿರ ವಾಚ್ ರಿಪೇರಿ ಅಂಗಡಿ ಇಟ್ಟವನು. ಹಳೆ ವಾಚು, ನಾಣ್ಯ ಕೊಳ್ಳುತ್ತೇನೆ, ಮಾರುತ್ತೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಿಲ್ಲದಿದ್ದರೆ ಓದಿ.

ಮೊದಲು ಆ ಪತ್ರ. ಭದ್ರಾವತಿಯವರು ತಾರೀಖು ಹಿಡಿದರು. ನಾನು ಲೆಟರ್‌ಹೆಡ್ ಹಿಡಿಯುತ್ತೇನೆ. ಪಿನ್ ಕೋಡ್ ನಮ್ಮ ದೇಶಕ್ಕೆ ಬಂದಿದ್ದು 1972ರ ಆಗಸ್ಟ್ 15ಕ್ಕೆ. ಮೈಸೂರು ರಾಜ್ಯ ಕರ್ನಾಟಕ ಆಗಿದ್ದು 1973ರ ನವೆಂಬರ್ 1ಕ್ಕೆ. 1969ರ ಲೆಟರ್‌ಹೆಡ್‌ನಲ್ಲಿ 577301 ಇದೆ, ಕರ್ನಾಟಕವೂ ಇದೆ ಅಂದರೆ ಆ ಕಾಗದ ಅಚ್ಚಾಗಿದ್ದು ಕನಿಷ್ಠ ಅಂದರೂ ಹೆಚ್ಚುಕಮ್ಮಿ ನಾಲ್ಕು ವರ್ಷ ಆದ ಮೇಲೆ. ಮಲೆನಾಡಿನಲ್ಲಿ ಹಳೆ ಸಾಮಾನು ಕೊಳ್ಳುವವರು ಇನ್ನೊಂದು ನೆನಪಿಟ್ಟುಕೊಳ್ಳಿ. ನಮ್ಮೂರಿನ ಹೆಸರು ಇಂಗ್ಲಿಷಿನಲ್ಲಿ ಶಿಮೊಗ ಹೋಗಿ ಶಿವಮೊಗ್ಗ ಅಂತ ಬದಲಾಗಿದ್ದು 2014ರ ನವೆಂಬರ್ 1ಕ್ಕೆ. "ಬ್ರಿಟಿಷರ ಕಾಲದ" ತಗಡಿನ ಬೋರ್ಡ್ ಅಂತ ಒಬ್ಬ ನನಗೆ ತೋರಿಸಿದ. ಅದರಲ್ಲಿ ಇಂಗ್ಲಿಷಿನಲ್ಲಿ ಶಿವಮೊಗ್ಗ ಅಂತಲೇ ಇತ್ತು. ತುಕ್ಕು ಮಾತ್ರ ಬಹಳ ಚೆನ್ನಾಗಿ ಹಿಡಿಸಿದ್ದ.

ಪತ್ರ ಸುಳ್ಳು ಅಂದ ಮಾತ್ರಕ್ಕೆ ಬ್ಯಾಟೂ ಸುಳ್ಳು ಅಂತ ಅಲ್ಲ. ಎಷ್ಟೋ ಸಲ ವಸ್ತು ಅಸಲಿ ಇರುತ್ತದೆ, ಬೆಲೆ ಏರಿಸಲು ಯಾರೋ ಕತೆ ಅಂಟಿಸುತ್ತಾರೆ. ಅಂಚು ತೆಳ್ಳಗಿದೆ, ಎಣ್ಣೆ ಕುಡಿದಿದೆ ಅಂದಿರಿ. ಬ್ಯಾಟ್ ಹಳೆಯದೇ ಇರಬಹುದು. ಆದರೆ ಸಹಿ ಬಿರುಕು ದಾಟಿ ಹೋಗಿದೆ ಅಂದಿರಲ್ಲ, ಅಲ್ಲಿದೆ ಕೆಲಸ. ಲೆನ್ಸ್ ಇಟ್ಟು ನೋಡಿ. ಮೊದಲು ಸಹಿ, ಆಮೇಲೆ ಬಿರುಕು ಬಿದ್ದಿದ್ದರೆ ಗೆರೆ ಅಲ್ಲಿ ಕಡಿದು ಎರಡು ತುಂಡಾಗಿರುತ್ತದೆ. ಬಿರುಕಿನ ಒಳಗೆ ಬಿಳಿ ಮರವೋ ಧೂಳೋ ಕಾಣುತ್ತದೆ, ಶಾಯಿ ಕಾಣುವುದಿಲ್ಲ. ಮೊದಲೇ ಬಿರುಕಿದ್ದು ಆಮೇಲೆ ಸಹಿ ಹಾಕಿದ್ದರೆ ಪೆನ್ನಿನ ತುದಿ ಅಲ್ಲಿ ಎಡವಿರುತ್ತದೆ, ಶಾಯಿ ಬಿರುಕಿನ ಒಳಗೆ ಇಳಿದಿರುತ್ತದೆ. ಹಾಗೆ ಇಳಿದಿದ್ದರೆ, ಆಡಿ ಒಡೆದು ಮೂಲೆಗೆ ಎಸೆದ ಬ್ಯಾಟಿನ ಮೇಲೆ ಯಾರೋ ಬರೆದಿದ್ದಾರೆ ಅಂತ ಅರ್ಥ. ಬಾಲ್‌ಪೆನ್ ಮರದಲ್ಲಿ ಸಣ್ಣ ಹಳ್ಳವನ್ನೂ ಬಿಡುತ್ತದೆ. ಟಾರ್ಚನ್ನು ಪಕ್ಕದಿಂದ ಹಿಡಿದರೆ ಆ ಹಳ್ಳದ ನೆರಳು ಕಾಣುತ್ತದೆ. ನಿಧಾನಕ್ಕೆ ನೋಡಿ ನೋಡಿ ನಕಲು ಮಾಡಿದ ಸಹಿಯಲ್ಲಿ ಹಳ್ಳ ಉದ್ದಕ್ಕೂ ಒಂದೇ ಆಳ. ದಿನಾ ನೂರು ಸಹಿ ಹಾಕಿದ ಕೈ ಹಾಗಿರುವುದಿಲ್ಲ, ಕೊನೆಯಲ್ಲಿ ಪೆನ್ ಹಾರಿಹೋಗಿರುತ್ತದೆ.

ಸುಳ್ಳು ಸಹಿ ಅಂದರೆ ನಮ್ಮಲ್ಲಿ ಮಾತ್ರ ಅಂದುಕೊಳ್ಳಬೇಡಿ. ಅಮೆರಿಕದಲ್ಲಿ 1990ರ ದಶಕದ ಕೊನೆಗೆ ಎಫ್‌ಬಿಐನವರು ಆಪರೇಷನ್ ಬುಲ್‌ಪೆನ್ ಅಂತ ಒಂದು ದೊಡ್ಡ ಜಾಲ ಹಿಡಿದರು. ಆಟಗಾರರ ಸಹಿ ಇರಲಿ, ಮದರ್ ತೆರೇಸಾ ಸಹಿ ಇರುವ ಬೇಸ್‌ಬಾಲ್ ಚೆಂಡು ಕೂಡ ಅಲ್ಲಿ ಸಿಕ್ಕಿತು! ಆ ತಾಯಿ ಯಾವಾಗ ಬೇಸ್‌ಬಾಲ್ ಆಡಿದ್ದರೋ. ಅದನ್ನೂ ಕೊಳ್ಳುವವರು ಇದ್ದರು ಅನ್ನುವುದು ನೋಡಿ.

ಈಗ ಬೆಲೆ. ಧೋನಿ ಬ್ಯಾಟ್ ಮಾತು ನಿಜ. 2011ರ ವಿಶ್ವಕಪ್ ಫೈನಲ್‌ನಲ್ಲಿ ಸಿಕ್ಸರ್ ಹೊಡೆದ ಬ್ಯಾಟ್ ಅದೇ ವರ್ಷ ಲಂಡನ್ನಿನಲ್ಲಿ ಒಂದು ಲಕ್ಷ ಪೌಂಡಿಗೆ ಹೋಯಿತು. ಆದರೆ ಮಾರುವವರು ಅರ್ಧ ಮಾತು ಹೇಳಿದ್ದಾರೆ. ಅದು ದಾನಕ್ಕೆ ಅಂತ ಇಟ್ಟ ಊಟದ ಕಾರ್ಯಕ್ರಮ. ಅಲ್ಲಿ ಕೂಗುವವರು ಮರಕ್ಕಷ್ಟೇ ದುಡ್ಡು ಕೊಡುವುದಿಲ್ಲ, ಧರ್ಮಕ್ಕೂ ಕೊಡುತ್ತಾರೆ, ಹೆಸರಿಗೂ ಕೊಡುತ್ತಾರೆ. ಇನ್ನೂ ಒಳ್ಳೆ ಉದಾಹರಣೆ ಬೇಕಾ? 2020ರ ಜನವರಿಯಲ್ಲಿ ಆಸ್ಟ್ರೇಲಿಯಾದ ಸ್ಪಿನ್ನರ್ ಶೇನ್ ವಾರ್ನ್ ಅವರ ಟೋಪಿ 10 ಲಕ್ಷ ಆಸ್ಟ್ರೇಲಿಯನ್ ಡಾಲರ್ ದಾಟಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ಬ್ರಾಡ್ಮನ್ 1928ರಲ್ಲಿ ಮೊದಲ ಟೆಸ್ಟ್ ಆಡಿದಾಗ ಹಾಕಿದ್ದ ಟೋಪಿ ನಾಲ್ಕೂವರೆ ಲಕ್ಷಕ್ಕೆ ನಿಂತಿತು. ಬ್ರಾಡ್ಮನ್ ವಾರ್ನ್‌ಗಿಂತ ಅರ್ಧ ಆಟಗಾರನಾ? ಅಲ್ಲ. ವಾರ್ನ್ ಟೋಪಿಯ ದುಡ್ಡು ಕಾಡ್ಗಿಚ್ಚಿನ ಸಂತ್ರಸ್ತರಿಗೆ ಹೋಗುವುದಿತ್ತು, ಇಡೀ ದೇಶ ನೋಡುತ್ತಿತ್ತು. ಆ ದಿನದ ಬೆಲೆ ಆ ದಿನದ್ದು. ಅದನ್ನು ತಂದು ನಿಮ್ಮ ಬ್ಯಾಟಿನ ಪಕ್ಕ ಇಟ್ಟು ಲೆಕ್ಕ ಹಾಕಬಾರದು.

ಒಂದು ವಸ್ತುವಿನ ಬೆಲೆ ಆಕಾಶಕ್ಕೆ ಹೋಗಲು ಇಬ್ಬರು ಸಾಕು. ಮೂರನೆಯವನಿಗೆ ಅದು ಬೇಡವಾದರೂ ಪರವಾಗಿಲ್ಲ. 2020ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಯಾರೋ ಹರಾಜಿನವರ ಅಂಚೆ ಡಬ್ಬಿಯಲ್ಲಿ ಒಂದು ಲಕೋಟೆ ತುರುಕಿ ಹೋಗಿದ್ದರು. ಅದರಲ್ಲಿದ್ದದ್ದು ಗಾಂಧೀಜಿ ಹಾಕಿಕೊಂಡಿದ್ದ ಕನ್ನಡಕ. ಹರಾಜಿನವರು 10ರಿಂದ 15 ಸಾವಿರ ಪೌಂಡ್ ಅಂತ ಅಂದಾಜು ಹಾಕಿದರು. ಹೋಗಿದ್ದು 2 ಲಕ್ಷ 60 ಸಾವಿರಕ್ಕೆ. ದಿನಾ ಇದೇ ಕೆಲಸ ಮಾಡುವವರ ಅಂದಾಜೇ ಹೀಗೆ ತಪ್ಪುತ್ತದೆ ಅಂದಮೇಲೆ, ಹತ್ತು ವರ್ಷಕ್ಕೆ ನಾಲ್ಕು ಲಕ್ಷ ಅಂತ ನಿಮಗೆ ಹೇಳಿದವರು ಯಾವ ಪಂಚಾಂಗ ನೋಡಿದರು?

ಇಳಿಯುವುದೂ ಇದೆ. ಬ್ರಿಟಿಷ್ ಗಯಾನಾದ ಒಂದು ಸೆಂಟ್ ಕೆಂಪು ಅಂಚೆಚೀಟಿ ಪ್ರಪಂಚದಲ್ಲಿ ಇರುವುದೇ ಒಂದು. 2014ರಲ್ಲಿ ಸುಮಾರು 95 ಲಕ್ಷ ಡಾಲರ್‌ಗೆ ಹೋಯಿತು. 2021ರಲ್ಲಿ ಅದೇ ಚೀಟಿ ಮತ್ತೆ ಹರಾಜಿಗೆ ಬಂದು 83 ಲಕ್ಷಕ್ಕೆ ಮುಗಿಯಿತು. ಇರುವುದೇ ಒಂದು ಅನ್ನುವ ವಸ್ತುವಿನ ಕತೆಯೇ ಹೀಗೆ. ಏಳು ವರ್ಷ ಬೀರುವಿನಲ್ಲಿ ಇಟ್ಟು ನಷ್ಟ!

ಮಾರುವ ಖರ್ಚನ್ನು ಯಾರೂ ಹೇಳುವುದಿಲ್ಲ. ಬ್ರಾಡ್ಮನ್ ಅವರದೇ ಇನ್ನೊಂದು ಟೋಪಿ, 1947-48ರಲ್ಲಿ ನಮ್ಮ ತಂಡ ಅಲ್ಲಿಗೆ ಹೋದಾಗ ಹಾಕಿದ್ದು, 2024ರ ಡಿಸೆಂಬರ್‌ನಲ್ಲಿ ಸಿಡ್ನಿಯಲ್ಲಿ ಹರಾಜಾಯಿತು. ಸುತ್ತಿಗೆ ಬಿದ್ದಿದ್ದು 3 ಲಕ್ಷ 90 ಸಾವಿರ ಆಸ್ಟ್ರೇಲಿಯನ್ ಡಾಲರ್‌ಗೆ. ಕೊಂಡವರು ಕೊಟ್ಟಿದ್ದು ಸುಮಾರು 4 ಲಕ್ಷ 80 ಸಾವಿರ. ನಡುವಿನ 90 ಸಾವಿರ ಹರಾಜಿನವರ ಶುಲ್ಕ. ಅಂದರೆ ಕೊಂಡ ಮರುದಿನ ಅದೇ ಬೆಲೆಗೆ ಮಾರಿದರೂ ಕೈಯಿಂದ ಹೋಯಿತು. ನಾವು ಸಣ್ಣ ಅಂಗಡಿಯವರೂ ಅಷ್ಟೇ. ಇವತ್ತು 45ಕ್ಕೆ ಕೊಡುವವರು ನಾಳೆ ನೀವೇ ವಾಪಸ್ ತಂದರೆ ಎಷ್ಟಕ್ಕೆ ತಗೊಳ್ಳುತ್ತಾರೆ ಅಂತ ಕೇಳಿ ನೋಡಿ. ಮುಖ ನೋಡಿದರೆ ಸಾಕು, ಉತ್ತರ ಬೇಡ.

ಇನ್ನೊಂದು, ವಿಶ್ವನಾಥ್ ನಮ್ಮ ನಡುವೆ ಇದ್ದಾರೆ, ನೂರು ವರ್ಷ ಇರಲಿ. ಇರುವವರ ಬರೀ ಸಹಿಗೆ ದೊಡ್ಡ ಬೆಲೆ ಕಟ್ಟುವುದು ಕಷ್ಟ. ಎದುರಿಗೆ ಸಿಕ್ಕರೆ ಪುಕ್ಕಟೆ ಸಿಗುವಂಥದ್ದು ಅದು. ಬೆಲೆ ಬರಬೇಕಾದರೆ ಆ ಬ್ಯಾಟಿನಲ್ಲಿ ಅವರು ಆಡಿರಬೇಕು, ಯಾವ ಪಂದ್ಯ ಅಂತ ಫೋಟೋದಲ್ಲಿ ಮರದ ಗೆರೆ ಹೊಂದಿಸಿ ತೋರಿಸಬೇಕು, ಇಲ್ಲಿಯವರೆಗೆ ಯಾರ ಕೈಯಿಂದ ಯಾರ ಕೈಗೆ ಬಂತು ಅನ್ನುವುದಕ್ಕೆ ಕಾಗದ ಇರಬೇಕು. ನಿಮ್ಮ ಬ್ಯಾಟಿಗೆ ಇರುವ ಒಂದೇ ಕಾಗದ ಅಂದರೆ ಮೇಲೆ ಹೇಳಿದ ಆ ಪತ್ರ.

ನನ್ನ ಅಂಗಡಿಯ ಮಾತು ಹೇಳಿ ಮುಗಿಸುತ್ತೇನೆ. ಎಚ್‌ಎಂಟಿ ವಾಚ್ ಕಾರ್ಖಾನೆ ಮುಚ್ಚುವ ಸುದ್ದಿ ಬಂದ ಮೇಲೆ ಅದರ ಜನತಾ, ಪೈಲಟ್ ವಾಚು ಕೇಳಿಕೊಂಡು ಬರುವ ಹುಡುಗರು ಜಾಸ್ತಿ ಆದರು. ಅದರ ಹಿಂದೆಯೇ ಹೊಸ ಡಯಲ್ ಹಾಕಿದ ವಾಚುಗಳೂ ಬಂದವು. ಹಳೆ ಕೇಸು, ಇನ್ಯಾವುದರದೋ ಮುಳ್ಳು, ಹೊಸದಾಗಿ ಅಚ್ಚು ಹಾಕಿದ ಡಯಲ್. ನೋಡಲು ಅಸಲಿಗಿಂತ ಚೆಂದ, ಹಳದಿ, ಕೆಂಪು ಎಲ್ಲಾ ಬಣ್ಣ. ಲೆನ್ಸ್ ಇಟ್ಟರೆ ನಿಮಿಷದ ಗೆರೆಗೂ ಗಂಟೆಯ ಕಡ್ಡಿಗೂ ಹೊಂದುವುದಿಲ್ಲ. ಮೊನ್ನೆ ಒಬ್ಬ ಕಾಲೇಜು ಹುಡುಗ ಅಂಥದ್ದೊಂದು ತಂದ. ಅಸಲಿ ಅಲ್ಲ ಅಂದೆ. "ಅಂಕಲ್, ಟೈಮ್ ಸರಿ ತೋರಿಸುತ್ತೆ, ಸಾಕು" ಅಂದ. ಎರಡು ಸಾವಿರಕ್ಕೆ ಕೊಂಡಿದ್ದ, ಕಟ್ಟಿಕೊಂಡು ಹೋದ. ಅವನಿಗೆ ಮೋಸ ಆಯಿತು ಅಂತ ನನಗೆ ಅನ್ನಿಸಲಿಲ್ಲ. ಅದೇ ವಾಚನ್ನು "ಇನ್ವೆಸ್ಟ್‌ಮೆಂಟ್" ಅಂತ ಪೊಟ್ಟಣ ಬಿಚ್ಚದೆ ಹತ್ತು ಇಟ್ಟುಕೊಂಡವರು ಇದ್ದಾರೆ, ಮೋಸ ಆಗಿದ್ದು ಅವರಿಗೆ.

ನಿಮಗೆ ಬ್ಯಾಟ್ ಬೇಕಾ, ನಾಲ್ಕು ಲಕ್ಷ ಬೇಕಾ, ಮೊದಲು ಅದನ್ನು ತೀರ್ಮಾನ ಮಾಡಿ.

ಕೆಳದಿ ರಸ್ತೆ (ಸಾಗರ)

ಎಲ್ಲರೂ ಕೊಳ್ಳುವವರ ಕಡೆಯಿಂದ ಮಾತಾಡುತ್ತಿದ್ದೀರಿ. ನಾನು ಕೊಟ್ಟವರ ಮನೆ ಹುಡುಗಿ.

ನಮ್ಮ ಅಜ್ಜನ ಮನೆ ಕೆಡವುವಾಗ ಹಳೆ ಸಾಮಾನಿನವರು ಬಂದರು. ಹಿತ್ತಾಳೆ ಗುಡಾಣ, ತೂಗುದೀಪ, ಅಡಕತ್ತರಿ ಎಲ್ಲಾ ತೂಕದ ಲೆಕ್ಕದಲ್ಲಿ ಹೋಯಿತು. ಜಗಲಿಯ ಮುಂಡಿಗೆಗಳನ್ನು (ಕೆತ್ತಿದ ಮರದ ಕಂಬ) ಮರದ ಲೆಕ್ಕದಲ್ಲಿ ಅಳೆದರು. ಕೆತ್ತನೆಗೆ ಬೆಲೆ ಇಲ್ಲವಾ ಅಂತ ಚಿಕ್ಕಪ್ಪ ಕೇಳಿದ್ದಕ್ಕೆ, "ಕೆತ್ತಿದ ಕಡೆ ಮರ ಕಡಿಮೆ ಆಗಿದೆಯಲ್ಲ ಸ್ವಾಮಿ" ಅಂದರಂತೆ! ಆಮೇಲೆ ಕೊಚ್ಚಿಯ ಜ್ಯೂ ಟೌನ್‌ಗೆ ಹೋಗಿದ್ದಾಗ ಅಂಥದ್ದೇ ಕಂಬಗಳು ಅಂಗಡಿಯಲ್ಲಿ ನಿಂತಿದ್ದವು. ಚೀಟಿಯಲ್ಲಿ ಬರೆದ ಬೆಲೆ ನೋಡಿ ನಾನು ಎರಡು ಸಲ ಸೊನ್ನೆ ಎಣಿಸಿದೆ. ನಮ್ಮದೇ ಅಂತ ಹೇಳಲಾರೆ, ಆದರೆ ನಮ್ಮ ಕಡೆಯ ಕೆಲಸವೇ.

ಹಾಗಾಗಿ "ಅಷ್ಟು ಬೆಲೆ ಇದೆಯಾ" ಅನ್ನುವ ಪ್ರಶ್ನೆಗೆ ನನ್ನ ಉತ್ತರ ಏನೆಂದರೆ, ಇದೆ, ಆದರೆ ಅದು ನಡುವಿನವರ ಜೇಬಿಗೆ. ಮನೆಯವರಿಗೆ ತೂಕದ ದುಡ್ಡು, ಕೊಳ್ಳುವವರಿಗೆ ಕತೆಯ ದುಡ್ಡು.

ದುಡ್ಡಿಗೇ ಸಿಗದ ಬೆಲೆಯೂ ಒಂದಿದೆ. 2015ರ ನವೆಂಬರ್‌ನಲ್ಲಿ ಕುಪ್ಪಳಿಯ ಕವಿಮನೆಗೆ ಕಳ್ಳರು ನುಗ್ಗಿ ಕುವೆಂಪು ಅವರ ಪದ್ಮ ಪದಕಗಳನ್ನು ಒಯ್ದರು. ತೀರ್ಥಹಳ್ಳಿ ಕಡೆಯವರಾದ ನಿಮಗೆ ನೆನಪಿರುತ್ತದೆ. ಕದ್ದವರಿಗೆ ಅದರಿಂದ ಏನು ಬಂತು? ಯಾವ ಹರಾಜಿನವರೂ ಅದನ್ನು ಮುಟ್ಟುವಂತಿಲ್ಲ, ಯಾವ ಸಂಗ್ರಹಕಾರನೂ ಮನೆಯಲ್ಲಿ ತೋರಿಸುವಂತಿಲ್ಲ. ಕರಗಿಸಿದರೆ ಲೋಹದ ಬೆಲೆ. ನಮಗಾದರೆ ಆ ಖಾಲಿ ಜಾಗ ಇವತ್ತಿಗೂ ಉರಿಯುತ್ತದೆ.

ಇನ್ನೊಂದು, ಈ ಗುಂಪಿನಲ್ಲಿ ಹಳೆ ಮನೆ ಇರುವವರು ಬಹಳ ಜನ ಇದ್ದೀರಿ. ನೂರು ವರ್ಷ ದಾಟಿದ ವಿಗ್ರಹ, ಕೆತ್ತನೆ, ಕತ್ತಿ ಇಂಥದ್ದಕ್ಕೆ 1972ರ ಪ್ರಾಚ್ಯವಸ್ತು ಕಾಯ್ದೆ ಇದೆ. ವ್ಯಾಪಾರ ಮಾಡುವವರ ಹತ್ತಿರ ಲೈಸೆನ್ಸ್ ಇರಬೇಕು, ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ಬಂದವರ ಹತ್ತಿರ ಮೊದಲು ಲೈಸೆನ್ಸ್ ಕೇಳಿ. ಅರ್ಧ ಜನ ಕಾಫಿ ಕುಡಿಯದೇ ಎದ್ದು ಹೋಗುತ್ತಾರೆ.

ಮಂಡಿಪೇಟೆ ಹುಡುಗ

ಇದೆಲ್ಲಾ ಸರಿ, ನನ್ನ ಹತ್ತಿರ ಟ್ರ್ಯಾಕ್ಟರ್ ಚಿತ್ರ ಇರುವ 5 ರೂಪಾಯಿ ನೋಟು, ವೈಷ್ಣೋದೇವಿ ನಾಣ್ಯ ಎರಡೂ ಇದೆ. ವಾಟ್ಸಾಪಿನಲ್ಲಿ ಒಬ್ಬ 6 ಲಕ್ಷ ಕೊಡುತ್ತೇನೆ ಅಂತಿದ್ದಾನೆ. ಮೊದಲು ಅವನಿಗೆ ನಾನು 3,500 ರೂಪಾಯಿ ಟ್ಯಾಕ್ಸ್ ಕಟ್ಟಬೇಕಂತೆ. ಕಟ್ಟಲಾ?

ಹಳೇ ಗಡಿಯಾರ (ಶಿವಮೊಗ್ಗ)

ಕಟ್ಟಬೇಡಿ! ಅದು ಶುದ್ಧ ಮೋಸ. ರಿಸರ್ವ್ ಬ್ಯಾಂಕಿನ ಹೆಸರು ಹೇಳಿ ಹಳೆ ನೋಟು, ನಾಣ್ಯಕ್ಕೆ ಕಮಿಷನ್, ತೆರಿಗೆ ಅಂತ ಕೇಳುವವರನ್ನು ನಂಬಬೇಡಿ ಅಂತ ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಪ್ರಕಟಣೆ ಕೊಟ್ಟಿದೆ. ಕೊಳ್ಳುವವನು ಯಾವತ್ತೂ ಮಾರುವವನ ಹತ್ತಿರ ದುಡ್ಡು ಕೇಳುವುದಿಲ್ಲ. ನಂಬರ್ ಬ್ಲಾಕ್ ಮಾಡಿ. ಆ ನಾಣ್ಯ ನನ್ನ ಡಬ್ಬಿಯಲ್ಲಿ ಒಂದು ಮುಷ್ಟಿ ಇದೆ, ಬೇಕಾದರೆ ಬಂದು ಚಿಲ್ಲರೆ ತಗೊಳ್ಳಿ.

ತೋಟದಮನೆ (ತೀರ್ಥಹಳ್ಳಿ ಕಡೆ)

ಎಲ್ಲರಿಗೂ ಧನ್ಯವಾದ. ಅಡಿಕೆ ಹಾಕಲು ಶಿವಮೊಗ್ಗಕ್ಕೆ ಬಂದವನು ಅಂಗಡಿಗೆ ಹೋಗಿ ಪಿನ್ ಕೋಡ್ ವಿಷಯ ಮೆಲ್ಲಗೆ ಎತ್ತಿದೆ. ಅವರು ಪತ್ರ ತಗೊಂಡು ಓದಿದರು, ಮಡಚಿದರು, ಡ್ರಾವರ್ ಒಳಗೆ ಹಾಕಿದರು. "ಪತ್ರ ಬಿಡಿ ಸಾರ್, ಬರೀ ಬ್ಯಾಟಿಗೆ 12 ಮಾಡಿಕೊಡುತ್ತೇನೆ" ಅಂದರು. ಒಂದು ಕಾಗದ ಒಳಗೆ ಹೋಗಿದ್ದಕ್ಕೆ 33 ಸಾವಿರ ಇಳಿಯಿತು!

ಬೆಂಗಳೂರಿನಿಂದ ಯಾರೋ ಸಾಫ್ಟ್‌ವೇರ್ ಹುಡುಗ ಇದಕ್ಕೇ ಅಂತ ಬರುತ್ತಿದ್ದಾನಂತೆ, ಬೇಗ ಹೇಳಿ ಅಂದಿದ್ದಾರೆ.

ನಾಲ್ಕು ಲಕ್ಷದ ಆಸೆ ನನಗೆ ಇರಲೇ ಇಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ, ಇತ್ತು ಸ್ವಲ್ಪ. ಈಗ ಅದು ಹೋಯಿತು. ಆದರೂ ಆ ಬ್ಯಾಟ್ ಕೈಯಲ್ಲಿ ಹಿಡಿದಾಗ ಎಷ್ಟು ಹಗುರ ಇತ್ತು ಅಂದರೆ, ಅಂಥದ್ದರಲ್ಲಿ ಆ ಕಾಲದವರು ವೇಗದ ಬೌಲರ್‌ಗಳಿಗೆ ಸ್ಕ್ವೇರ್ ಕಟ್ ಹೊಡೆಯುತ್ತಿದ್ದರಲ್ಲ ಅಂತ ಸುಮ್ನೆ ಅಂಗಡಿಯಲ್ಲೇ ಒಂದು ಸಲ ಬೀಸಿದೆ. ಮೇಲೆ ನೇತು ಹಾಕಿದ್ದ ಲಾಟೀನಿಗೆ ಸ್ವಲ್ಪದರಲ್ಲೇ ತಪ್ಪಿತು. ಸಹಿ ಯಾರದ್ದಾದರೂ ಇರಲಿ, ಬ್ಯಾಟ್ ನನಗೆ ಬೇಕು. ಎಷ್ಟಕ್ಕೆ ಕೇಳಲಿ?

ಹಳೇ ಗಡಿಯಾರ (ಶಿವಮೊಗ್ಗ)

ಬೆಂಗಳೂರಿನ ಹುಡುಗ ಎಲ್ಲಾ ಅಂಗಡಿಗೂ ಬರುತ್ತಿರುತ್ತಾನೆ, ನನ್ನ ಅಂಗಡಿಗೂ. ಅವಸರ ಬೇಡ. ಐದಕ್ಕೆ ಕೇಳಿ, ಆರಕ್ಕಿಂತ ಮೇಲೆ ಹೋಗಬೇಡಿ. ಕೊಂಡ ಮೇಲೆ ಅಗಸೆ ಎಣ್ಣೆ ಹಚ್ಚುತ್ತೀರಲ್ಲ, ಸಹಿ ಇರುವ ಜಾಗ ಬಿಟ್ಟು ಹಚ್ಚಿ. ಲೆನ್ಸ್ ಬೇಕಾದರೆ ಅಂಗಡಿಗೆ ತನ್ನಿ, ಭಾನುವಾರ ಬಿಟ್ಟು ಯಾವತ್ತಾದರೂ.